ಮೈಸೂರು ಬಾಣದ ಪ್ರತಿಕೃತಿ

ಹೊಸೂರಿನ ಕಾರ್ಖಾನೆಗಳಲ್ಲಿ ಲೇತ್ ಹಿಡಿದು ಪಳಗಿದ ನಮ್ಮ ತಳಿಯ ತರುಣರಿಗೆ, ಟಿಪ್ಪುವಿನ ಕಾಲದ ರಾಕೆಟ್ಟಿನ ಪ್ರತಿಕೃತಿಯನ್ನು ಮನೆಯಲ್ಲೇ ಮಾಡುವ ಹಂಬಲ ಹುಟ್ಟಿದರೆ ಸಹಜವೇ. 1799ರವರೆಗೆ ಈ ಸೀಮೆ ಮೈಸೂರಿನದು. ಆ ಬಾಣವೂ ನಮ್ಮದೇ.

ಯುರೋಪಿನವರು ಹೆಚ್ಚಾಗಿ ಕಾಗದದ ಕೊಳವೆ ಬಳಸುತ್ತಿದ್ದಾಗ ಮೈಸೂರಿನ ಕಮ್ಮಾರರು ಕಬ್ಬಿಣವನ್ನು ಆರಿಸಿಕೊಂಡರು. ಮದ್ದು ಉರಿದಾಗಿನ ಒತ್ತಡವನ್ನು ಕಬ್ಬಿಣ ತಾಳಿದ್ದರಿಂದಲೇ ಬಾಣ ದೂರ ಹಾರಿತು. ಇಂಗ್ಲೆಂಡಿನ ಕಾಂಗ್ರೀವನಿಗೂ ಇದೇ ಮೇಲ್ಪಂಕ್ತಿ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಮಿಕ್ಕ ಕೊಳವೆಗಳು ದೊರೆತವು. ಅಳತೆಗೆ ನಾವು ನಂಬಬೇಕಾದುದು ಅವನ್ನೇ, ಚಿತ್ರಪಟಗಳನ್ನಲ್ಲ. ಲೇತಿನ ನುಣುಪು ಅಂದಿನದಲ್ಲ. ಅದು ಸುತ್ತಿಗೆಯ ಕೆಲಸ. ಮದ್ದು ತುಂಬುವ ಮಾತಂತೂ ಬೇಡ. 1884ರ ಸ್ಫೋಟಕ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಬರಿಗೊಳವೆಗೆ ಬಿದಿರ ಗಳು ಬಿಗಿದರೆ ಸಾಕು.