ಕಡತದಿಂದ ದಿನಪತ್ರಿಕೆಗೆ: ಭಾರತದಲ್ಲಿ ವಾಯು ಗುಣಮಟ್ಟ ಮಾಪನದ ಚರಿತ್ರೆ

ವಾಯು ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯೂಐ, ಮಾಪನ ಯಂತ್ರವೇ ತೋರಿಸುವ ಅಂಕಿ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಅದು ಯಂತ್ರದ ಅಳತೆಗಳ ಮೇಲೆ ಆಡಳಿತ ಕಟ್ಟಿದ ಲೆಕ್ಕ. ಭಾರತದಲ್ಲಿ ಆ ಲೆಕ್ಕ ರೂಪುಗೊಂಡ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ವಾಯು ಮಾಲಿನ್ಯ ಕಾಯ್ದೆ ಬಂದದ್ದು 1981ರಲ್ಲಿ. ಮರುವರ್ಷ ಮೊದಲ ರಾಷ್ಟ್ರೀಯ ಮಾನದಂಡಗಳು ಸಿದ್ಧವಾದವು. 1984ರಲ್ಲಿ ಉತ್ತರ ಪ್ರದೇಶದ ಆಗ್ರಾ ಮತ್ತು ಅನ್ಪರಾಗಳಲ್ಲಿ ಏಳು ಕೇಂದ್ರಗಳೊಂದಿಗೆ ರಾಷ್ಟ್ರೀಯ ಮಾಪನ ಕಾರ್ಯಕ್ರಮ ಆರಂಭವಾಯಿತು. ಪಂಪು ಎಳೆದ ಗಾಳಿಯನ್ನು ಗಾಜಿನ ನಾರಿನ ಫಿಲ್ಟರಿನ ಮೂಲಕ ಹಾಯಿಸಿ, ಫಿಲ್ಟರಿಗೆ ಏರಿದ ತೂಕವನ್ನು ಗಾಳಿಯ ಪ್ರಮಾಣದಿಂದ ಭಾಗಿಸಿದರೆ ದೂಳಿನ ಸಾಂದ್ರತೆ ಸಿಗುತ್ತಿತ್ತು. ವಾರಕ್ಕೆರಡು ದಿನದಂತೆ ವರ್ಷಕ್ಕೆ 104 ಅಳತೆಗಳ ಗುರಿ. ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕಿದ್ದುದರಿಂದ ಇಂದಿನ ಗಾಳಿಯ ಸ್ಥಿತಿ ಇಂದೇ ತಿಳಿಯುತ್ತಿರಲಿಲ್ಲ. ವಾರ್ಷಿಕ ವರದಿಗೆ ಒಗ್ಗುವ ಈ ಪದ್ಧತಿ ಜನರನ್ನು ಎಚ್ಚರಿಸಲು ಒದಗುವಂತಿರಲಿಲ್ಲ.

ಅಳೆಯುವ ವಸ್ತುವೂ ಬದಲಾಯಿತು. 1994ರ ಮಾನದಂಡದಲ್ಲಿ ಒಟ್ಟು ತೇಲುಕಣಗಳ 24 ಗಂಟೆಯ ಮಿತಿ ವಸತಿ ಪ್ರದೇಶಕ್ಕೆ ಘನ ಮೀಟರಿಗೆ 200 ಮೈಕ್ರೋಗ್ರಾಂ, ಕೈಗಾರಿಕಾ ಪ್ರದೇಶಕ್ಕೆ 500. ಕಾರ್ಖಾನೆಯ ಪಕ್ಕ ಬದುಕುವವರು ಹೆಚ್ಚು ದೂಳು ಸಹಿಸಬೇಕೆಂದು ನಿಯಮವೇ ಹೇಳಿದಂತಾಗಿತ್ತು. 2009ರ ಪರಿಷ್ಕರಣೆ ಕಣಗಳ ವಿಷಯದಲ್ಲಿ ಈ ಭೇದವನ್ನು ತೆಗೆಯಿತು. ಒಟ್ಟು ದೂಳನ್ನು ಕೈಬಿಟ್ಟು, ಶ್ವಾಸಕೋಶದ ಆಳಕ್ಕಿಳಿಯುವ ಪಿಎಂ 2.5 ಕಣಗಳಿಗೆ 60 ಮೈಕ್ರೋಗ್ರಾಂ ಮಿತಿ ಹಾಕಿತು.

ಅಳತೆಯನ್ನು ಜನರ ಮುಂದಿಡುವ ಹಂತ ಆಮೇಲಿನದು. ಕಣಗಳು ಬೀಟಾ ಕಿರಣವನ್ನು ಎಷ್ಟು ತಡೆಯುತ್ತವೆಂದು ನೋಡಿ ಗಂಟೆಗಂಟೆಗೂ ಸಾಂದ್ರತೆ ಹೇಳುವ ಯಂತ್ರಗಳು ಇದನ್ನು ಸಾಧ್ಯವಾಗಿಸಿದವು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ದೆಹಲಿಯಲ್ಲಿ ಗಾಳಿಯ ಗುಣಮಟ್ಟ ತಿಳಿಸುವ 'ಸಫರ್' ವ್ಯವಸ್ಥೆಯನ್ನು ತಂದಿತು. ರಾಷ್ಟ್ರೀಯ ಸೂಚ್ಯಂಕ 2015ರ ಏಪ್ರಿಲ್ 6ರಂದು ಜಾರಿಯಾಯಿತು.

ಇದರಲ್ಲಿ ಎಂಟು ಮಾಲಿನ್ಯಕಾರಕಗಳಿಗೆ ಉಪಸೂಚ್ಯಂಕಗಳಿವೆ. ಕನಿಷ್ಠ ಮೂರರ ಮಾಹಿತಿ ಬೇಕು. ಅವುಗಳಲ್ಲೊಂದು ಕಣವೇ ಆಗಿರಬೇಕು. ಸರಾಸರಿ ತೆಗೆಯದೆ, ಎಲ್ಲಕ್ಕಿಂತ ಹೆಚ್ಚಿನ ಉಪಸೂಚ್ಯಂಕವನ್ನೇ ಮಾಪನ ಕೇಂದ್ರದ ಎಕ್ಯೂಐ ಎನ್ನುತ್ತಾರೆ. ಒಂದು ಮಾಲಿನ್ಯಕಾರಕದ ಅಪಾಯವನ್ನು ಉಳಿದವುಗಳ ಶುದ್ಧಿ ಮರೆಮಾಡಬಾರದೆಂಬುದು ಇದರ ತರ್ಕ. ಆದರೆ ನಗರದ ಅಂಕಿ ಕೊಡುವಾಗ ಕೇಂದ್ರಗಳ ಸರಾಸರಿ ತೆಗೆಯುವುದರಿಂದ, ಹೆಚ್ಚು ಕೆಟ್ಟ ಬಡಾವಣೆಯ ಸ್ಥಿತಿ ಮತ್ತೆ ಮರೆಯಾಗುತ್ತದೆ.

ವರ್ಗಗಳ ಗೆರೆಯೂ ನೀತಿಯ ನಿರ್ಧಾರವೇ. ಪಿಎಂ 2.5 ದಿನದ ಸರಾಸರಿ 60 ಇದ್ದರೆ ಸೂಚ್ಯಂಕ 100, ವರ್ಗ 'ತೃಪ್ತಿಕರ'. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ದಿನದ ಮಟ್ಟ 15. ನಮ್ಮ ತೃಪ್ತಿ ಅದರ ನಾಲ್ಕು ಪಟ್ಟು.

1984ರಿಂದೀಚೆಗೆ ಅಳತೆ ಸೂಕ್ಷ್ಮವಾಗಿದೆ, ಪ್ರಕಟಣೆ ದಿನನಿತ್ಯದ್ದಾಗಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ದೈನಂದಿನ ಪ್ರಕಟಣೆ ಸೂಚ್ಯಂಕ, ವರ್ಗ, ಪ್ರಮುಖ ಮಾಲಿನ್ಯಕಾರಕಗಳನ್ನು ಕೊಡುತ್ತದೆ. ಅದರ ಪಕ್ಕದಲ್ಲೇ ಮೂಲ ಸಾಂದ್ರತೆಯನ್ನೂ ಅತ್ಯಧಿಕ ಅಂಕಿಯ ಕೇಂದ್ರದ ಹೆಸರನ್ನೂ ಅಚ್ಚುಹಾಕಬೇಕು. ಆಗ ಓದುಗರು ವರ್ಗದ ಹೆಸರನ್ನಷ್ಟೇ ನಂಬಿ ಕೂರಬೇಕಾಗುವುದಿಲ್ಲ.