ಗೋಬರ್ ಅನಿಲದ ಗಣಿತದಲ್ಲಿ ಚಳಿಗಾಲ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಬಿಸಿಲಿಗೆ ಹೆಸರಾದ ಸೀಮೆ. ಆದರೂ ಪುಷ್ಯ ಮಾಸದ ಇರುಳುಗಳಲ್ಲಿ ಇಲ್ಲಿಯೂ ಚಳಿ ಬಲಿಯುತ್ತದೆ. ಸಗಣಿಯ ಗುಂಡಿ ತಣಿದಷ್ಟೂ ಅನಿಲ ಕುಗ್ಗುತ್ತದೆ. ಗೃಹಿಣಿಯು ಕಟ್ಟಿಗೆಯ ಒಲೆಗೆ ಮರಳಬೇಕಾಗುತ್ತದೆ. ಈ ಕೊರತೆಯನ್ನು ಮುಂಗಾಣುವ ಗಣಿತವು ಬೆಳೆದು ಬಂದ ಬಗೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

1940ರ ದಶಕದಲ್ಲಿ ಫ್ರಾನ್ಸಿನ ಜಾಕ್ ಮೊನೊ ಅವರು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ಆಹಾರದ ಪ್ರಮಾಣದೊಡನೆ ಹೊಂದಿಸುವ ಸೂತ್ರವನ್ನು ಕೊಟ್ಟರು. 1978ರಲ್ಲಿ ಚೆನ್ ಮತ್ತು ಹಶಿಮೊಟೊ ಅವರು ಮೀಥೇನ್ ಉತ್ಪತ್ತಿಗೆ ಸಮೀಕರಣವನ್ನು ರಚಿಸಿದರು. ಮುಂದೆ ಅದಕ್ಕೆ ಉಷ್ಣತಾಮಾನವೂ ಕೂಡಿಕೊಂಡಿತು. ಅದರಂತೆ ಬೆಳವಣಿಗೆಯ ಗರಿಷ್ಠ ದರವು 35 ಡಿಗ್ರಿ ಸೆಂಟಿಗ್ರೇಡಿನಲ್ಲಿ ದಿನಕ್ಕೆ ಸುಮಾರು 0.33, 20 ಡಿಗ್ರಿಯಲ್ಲಿ 0.13. ಎಂದರೆ, ತಂಪಿನಲ್ಲಿ ಜೀವಿಗಳು ಸಗಣಿಯೊಡನೆ ಹೊರಗೆ ಹರಿದುಹೋಗದಿರಬೇಕಾದರೆ ಅದು ಗುಂಡಿಯಲ್ಲಿ ಎರಡೂವರೆ ಪಟ್ಟು ಕಾಲ ನಿಲ್ಲಬೇಕು.

ಈ ಸಮೀಕರಣವು 20 ಡಿಗ್ರಿಯಿಂದ ಮೇಲಕ್ಕೆ ಮಾತ್ರ ಸಲ್ಲುವಂಥದು. ಆ ರೇಖೆಯನ್ನು ಕೆಳಕ್ಕೆಳೆದರೆ 10 ಡಿಗ್ರಿಯ ಸುಮಾರಿಗೆ ಬೆಳವಣಿಗೆ ಶೂನ್ಯವಾಗುತ್ತದೆ. ಆದರೆ 1–2 ಡಿಗ್ರಿಯಷ್ಟೇ ಇರುವ ಅಂಟಾರ್ಕ್ಟಿಕದ ಏಸ್ ಸರೋವರದ ತಳನೀರಿನಿಂದ ಪಡೆದ ಮೀಥೇನ್ ಜೀವಿಯನ್ನು ವಿಜ್ಞಾನಿಗಳು 1997ರಲ್ಲಿ ವರ್ಣಿಸಿದರು. ಸೂತ್ರದ ಮಿತಿ ಜೀವದ ಮಿತಿಯಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ದೇಶದಲ್ಲಿ ಸಗಣಿಯು ಗುಂಡಿಯಲ್ಲಿರಬೇಕಾದ ಅವಧಿಯನ್ನು ರಾಜ್ಯವಾರು 30, 40, 55 ದಿನಗಳೆಂದು ವಿಂಗಡಿಸಿದಾಗ ಕರ್ನಾಟಕವು 30 ದಿನಗಳ ವರ್ಗಕ್ಕೆ ಸೇರಿತು. ಸರಾಸರಿಗೆ ಅದು ಸಮಂಜಸವೇ. ಆದರೆ ಒಲೆ ಉರಿಯುವುದು ಸರಾಸರಿಯಿಂದಲ್ಲ. ಗುಂಡಿಯ ಗಾತ್ರವನ್ನು ಅತ್ಯಂತ ತಂಪಾದ ತಿಂಗಳಿನ ಉಷ್ಣತಾಮಾನಕ್ಕೆ ತಕ್ಕಂತೆ ನಿರ್ಣಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಈ ತಾಲೂಕುಗಳ ಗುಂಡಿಗಳಲ್ಲಿ ವರ್ಷವಿಡೀ ಅದನ್ನು ಅಳೆದಿಡುವುದು ನಮ್ಮ ವಿದ್ಯಾರ್ಥಿಗಳಿಗೆ ಒಪ್ಪುವ ಕಾರ್ಯ.