ಧ್ವಜ ಹೊತ್ತ ಅಂಚೆಯವ

ಅಮೆರಿಕದ ಅಂತರ್ಯುದ್ಧ (1861–65) ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಅಬ್ರಹಾಂ ಲಿಂಕನ್ನರ ಹೆಸರು. ಆದರೆ ಗುಲಾಮರಿಗೆ ಬಿಡುಗಡೆಯು ಬರಿಯ ದಾನವಾಗಿ ದೊರೆಯಲಿಲ್ಲ. ಅದಕ್ಕಾಗಿ ಅವರೂ ರಕ್ತ ಸುರಿಸಿದರು. ಅಂಥವರಲ್ಲಿ ಒಬ್ಬರಾದ ವಿಲಿಯಂ ಕಾರ್ನಿಯವರನ್ನು ಇಲ್ಲಿ ಸ್ಮರಿಸಬಯಸುತ್ತೇನೆ.

ಕಾರ್ನಿಯವರು 1840ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಗುಲಾಮರಾಗಿಯೇ ಹುಟ್ಟಿದರು. ಕಪ್ಪುಜನರಿಗೆ ಅಕ್ಷರ ಕಲಿಸುವುದೇ ಅಲ್ಲಿ ಅಪರಾಧವಾಗಿದ್ದ ಕಾಲದಲ್ಲಿ ಗುಟ್ಟಾಗಿ ಓದು ಕಲಿತರು. ಮುಂದೆ ಅವರ ಕುಟುಂಬವು ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್ ಪಟ್ಟಣದಲ್ಲಿ ನೆಲೆಸಿತು. ಧರ್ಮೋಪದೇಶಕರಾಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ದಾಸ್ಯದಲ್ಲಿರುವ ತನ್ನವರ ಸೇವೆಯೇ ದೇವರ ಸೇವೆಯೆಂದು ಬಗೆದು, 1863ರಲ್ಲಿ ಕಪ್ಪು ಸೈನಿಕರ 54ನೆಯ ಮ್ಯಾಸಚೂಸೆಟ್ಸ್ ದಳವನ್ನು ಸೇರಿದರು.

1863ರ ಜುಲೈ 18ರ ಸಂಜೆ ಈ ದಳವು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಳಿಯ ವ್ಯಾಗ್ನರ್ ಕೋಟೆಗೆ ಲಗ್ಗೆಯಿಟ್ಟಿತು. ಅಂದಿನ ಕಾಳಗಗಳಲ್ಲಿ ಹೊಗೆ ಕವಿದಾಗ ಸೈನಿಕರಿಗೆ ದಾರಿ ತೋರುತ್ತಿದ್ದುದು ಧ್ವಜ. ಆದ್ದರಿಂದಲೇ ಧ್ವಜಧಾರಿಯು ಶತ್ರುವಿನ ಮೊದಲ ಗುರಿಯಾಗುತ್ತಿದ್ದ. ಧ್ವಜಧಾರಿ ಗುಂಡೇಟಿಗೆ ಉರುಳಿದಾಗ ಕಾರ್ನಿ ಧ್ವಜವನ್ನು ಕೈಗೆತ್ತಿಕೊಂಡು ಕೋಟೆಯ ದಿಬ್ಬವನ್ನೇರಿದರು. ದಳದ ಕರ್ನಲ್ ರಾಬರ್ಟ್ ಗೌಲ್ಡ್ ಶಾ ಅಲ್ಲೇ ಮಡಿದರು. ಲಗ್ಗೆ ವಿಫಲವಾಯಿತು. ಹಲವು ಗಾಯಗಳಿಂದ ನೆತ್ತರು ಸುರಿಯುತ್ತಿದ್ದರೂ ಕಾರ್ನಿ ಧ್ವಜವನ್ನು ಬಿಡಲಿಲ್ಲ. ಹಿಂದಿರುಗಿ ತಮ್ಮವರನ್ನು ಸೇರಿದಾಗ ಅವರು ಹೇಳಿದ್ದು ಇಷ್ಟೇ: ಧ್ವಜವು ನೆಲ ಮುಟ್ಟಲಿಲ್ಲ.

ಇಂಥ ಸೈನಿಕರಿಗೆ ಸರ್ಕಾರ ಕೊಡಹೊರಟ ಸಂಬಳವೆಷ್ಟು? ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸಿಪಾಯಿಗೆ 10 ಡಾಲರ್, ಅದರಲ್ಲೂ 3 ಡಾಲರ್ ಬಟ್ಟೆಯ ಬಾಬ್ತು ಕಡಿತ. 54ನೆಯ ದಳದವರು ಈ ಹಣವನ್ನು ಮುಟ್ಟಲೊಪ್ಪಲಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಕಷ್ಟದಲ್ಲಿದ್ದರೂ ಸಂಬಳವಿಲ್ಲದೆಯೇ ಹೋರಾಡಿದರು. 1864ರಲ್ಲಿ ಅಮೆರಿಕದ ಸಂಸತ್ತು ಸಮಾನ ವೇತನಕ್ಕೆ ಒಪ್ಪಿತು. ಕೋಟೆಯೆದುರಿನ ಕೆಚ್ಚಿಗಿಂತ ಈ ನಿರಾಕರಣೆಯು ಕಡಿಮೆಯದೆಂದು ನನಗೆ ತೋರುವುದಿಲ್ಲ.

ಗಾಯಗಳ ಕಾರಣ 1864ರಲ್ಲಿ ಸೈನ್ಯದಿಂದ ಬಿಡುಗಡೆ ಹೊಂದಿದ ಕಾರ್ನಿ, ಮುಂದೆ ನ್ಯೂ ಬೆಡ್‌ಫರ್ಡ್‌ನಲ್ಲಿ ಮೂರು ದಶಕಗಳ ಕಾಲ ಮನೆಮನೆಗೆ ಕಾಗದ ಹಂಚುವ ಅಂಚೆಯವರಾಗಿದ್ದರು. ದೇಶದ ಅತ್ಯುನ್ನತ ಶೌರ್ಯ ಪ್ರಶಸ್ತಿಯಾದ ‘ಮೆಡಲ್ ಆಫ್ ಆನರ್’ ಅವರಿಗೆ ದೊರೆತದ್ದು 1900ರಲ್ಲಿ, ಅಂದರೆ ಕದನದ ಸುಮಾರು 37 ವರ್ಷಗಳ ಬಳಿಕ. ಅಷ್ಟರಲ್ಲಿ ಬೇರೆ ಕಪ್ಪು ಸೈನಿಕರಿಗೆ ಆ ಪದಕ ಸಂದಿತ್ತು. ಆದರೆ ಪದಕಕ್ಕೆ ಪಾತ್ರವಾದ ಅವರ ಸಾಹಸಗಳಲ್ಲಿ ಕಾರ್ನಿಯವರದೇ ಎಲ್ಲಕ್ಕಿಂತ ಹಿಂದಿನದು. 1908ರಲ್ಲಿ ಅವರು ತೀರಿಕೊಂಡರು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಾವೇ ಪಾಠ ಹೇಳುವ ವೃತ್ತಿಯಲ್ಲಿದ್ದೀರಿ. ಲಿಂಕನ್ನರ ಪಾಠ ಬಂದಾಗ ಈ ಅಂಚೆಯವರ ಹೆಸರನ್ನೂ ಮಕ್ಕಳಿಗೆ ಹೇಳಿ.